ಸೋಪಿನ ಹದ ಕೂಡುವುದು ಕಲಸುವ ಕೈಯಲ್ಲಿ

ಮನೆಯಲ್ಲಿ ಸೋಪು ಮಾಡಲು ಹೊರಟವರು ಎಣ್ಣೆ ಯಾವುದು, ಪರಿಮಳ ಯಾವುದು ಎಂದೇ ಹೆಚ್ಚು ಯೋಚಿಸುತ್ತಾರೆ. ಸೋಪು ಕೆಡುವುದು ಮಾತ್ರ ಬಹುಪಾಲು ಕಲಸುವಾಗ. ಎಣ್ಣೆ ಮತ್ತು ಕಾಸ್ಟಿಕ್ ಸೋಡಾ ಕರಗಿಸಿದ ನೀರು ತಾವಾಗಿ ಬೆರೆಯುವುದಿಲ್ಲ. (ಕಾಸ್ಟಿಕ್ ಸೋಡಾ ಎಂದರೆ ಸೋಡಿಯಂ ಹೈಡ್ರಾಕ್ಸೈಡ್, ಅಡುಗೆ ಸೋಡಾ ಅಲ್ಲ; ಮುಂದೆ ಬರೀ ಸೋಡಾ ಎಂದರೂ ಇದೇ.) ಎರಡೂ ಸಣ್ಣ ಸಣ್ಣ ಹನಿಗಳಾಗಿ ಒಂದಕ್ಕೊಂದು ತಾಗಿದ ಜಾಗದಲ್ಲಷ್ಟೇ ಸೋಪು ಹುಟ್ಟುತ್ತದೆ. ಹಾಗೆ ಹುಟ್ಟಿದ ಸೋಪೇ ಮುಂದೆ ಉಳಿದ ಎಣ್ಣೆ, ನೀರನ್ನು ಹಿಡಿದು ಕೂಡಿಸುತ್ತದೆ. ಆದ್ದರಿಂದಲೇ ಮೊದಲ ಕೆಲವು ನಿಮಿಷದ ಕಲಸುವಿಕೆಗೆ ಅಷ್ಟು ಬೆಲೆ.

ಒಂದು ಕೆಜಿ ಎಣ್ಣೆಯ ಲೆಕ್ಕ ಹೇಳುತ್ತೇನೆ. ಕೊಬ್ಬರಿ ಎಣ್ಣೆ 500 ಗ್ರಾಂ, ಕಡಲೆಕಾಯಿ ಎಣ್ಣೆ 400 ಗ್ರಾಂ, ಹರಳೆಣ್ಣೆ 100 ಗ್ರಾಂ. ಇದಕ್ಕೆ ಕಾಸ್ಟಿಕ್ ಸೋಡಾ 150 ಗ್ರಾಂ, ನೀರು 300 ಗ್ರಾಂ. ಈ ಅಳತೆಯಲ್ಲಿ ಸುಮಾರು ನೂರಕ್ಕೆ ಐದರಷ್ಟು ಎಣ್ಣೆ ಸೋಪಾಗದೆ ಉಳಿಯುತ್ತದೆ. ಮೈ ಒಣಗದಿರಲು ಅದು ಬೇಕು. ಎಣ್ಣೆಯೂ ಸೇರಿ ಎಲ್ಲವನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಲೋಟ, ಚಮಚದ ಅಳತೆ ಇಲ್ಲಿ ನಡೆಯದು. ಎಣ್ಣೆ ಬದಲಾಯಿಸಿದರೆ ಸೋಡಾದ ಲೆಕ್ಕವೂ ಬದಲಾಗುತ್ತದೆ: ಒಂದು ಗ್ರಾಂ ಕೊಬ್ಬರಿ ಎಣ್ಣೆ ಸುಮಾರು 0.183 ಗ್ರಾಂ ಸೋಡಾ ಕೇಳಿದರೆ, ಹರಳೆಣ್ಣೆಗೆ 0.128 ಸಾಕು.

ಪಾತ್ರೆ ಸ್ಟೀಲಿನದೇ ಆಗಿರಲಿ. ಅಲ್ಯೂಮಿನಿಯಂ, ಹಿಂಡಾಲಿಯಂ ಬೇಡವೇ ಬೇಡ. ಸೋಡಾ ಅದನ್ನು ತಿನ್ನುತ್ತದೆ, ಉರಿಯುವ ಅನಿಲ ಹೊರಬರುತ್ತದೆ. ಕೈಗವಸು, ಕನ್ನಡಕ ಹಾಕಿಕೊಂಡು, ಮಕ್ಕಳನ್ನು ದೂರವಿಟ್ಟು, ಕಿಟಕಿ ತೆರೆದು ಕೆಲಸ ಶುರು ಮಾಡಿ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವೇ ಹಾಕಬೇಕು, ಸೋಡಾದ ಮೇಲೆ ನೀರು ಸುರಿಯಕೂಡದು. ಸುರಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕರಗುವಾಗ 80 ಡಿಗ್ರಿ ದಾಟಿ ಬಿಸಿಯೇರುತ್ತದೆ, ಆವಿಗೆ ಮುಖ ಒಡ್ಡಬೇಡಿ. ಮೈಗೆ ತಾಗಿದರೆ ಹರಿಯುವ ನೀರಲ್ಲಿ ಕಾಲು ಗಂಟೆಯಾದರೂ ತೊಳೆಯಿರಿ, ವಿನಿಗರ್ ಹಚ್ಚಬೇಡಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಹೊರಡುವ ಏರ್ಪಾಡು ಮಾಡಿಕೊಳ್ಳಿ.

ಸೋಡಾ ನೀರು, ಎಣ್ಣೆ ಎರಡೂ 40ರಿಂದ 45 ಡಿಗ್ರಿಗೆ ಬಂದಾಗ ಎಣ್ಣೆಗೆ ಸೋಡಾ ನೀರನ್ನು ಸಣ್ಣ ಧಾರೆಯಾಗಿ ಬಿಡಿ.

ಕೈಯಲ್ಲಿ ಕಲಸುವವರಿಗೆ ಸ್ಟೀಲ್ ಸೌಟು ಅಥವಾ ಸಿಲಿಕಾನ್ ಸ್ಪ್ಯಾಟುಲಾ ಒಳ್ಳೆಯದು. ಮಜ್ಜಿಗೆ ಕಡೆಯುವ ಕಡಗೋಲು ಕೈಗೆ ಒಗ್ಗಿದ್ದರೂ ಇಲ್ಲಿ ಬೇಡ. ಸೋಡಾ ಮರವನ್ನು ಮೆತ್ತಗೆ ಮಾಡಿ ಸಿಬಿರು ಏಳಿಸುತ್ತದೆ. ಬರೀ ಗುಂಡಗೆ ತಿರುಗಿಸಿದರೆ ನಡುವಿನದು ನಡುವಲ್ಲೇ ಸುತ್ತುತ್ತದೆ. ಎಂಟರ ಆಕಾರದಲ್ಲಿ ತಿರುಗಿಸುತ್ತ, ಆಗಾಗ ತಳ ಮತ್ತು ಅಂಚನ್ನು ಕೆರೆದು ಮಧ್ಯಕ್ಕೆ ತನ್ನಿ. ಮೊದಲ ಹದಿನೈದು ನಿಮಿಷ ಕೈ ನಿಲ್ಲಿಸಬಾರದು. ಆಮೇಲೆ ಐದು ನಿಮಿಷ ಕಲಸಿ, ಐದು ನಿಮಿಷ ಬಿಟ್ಟು, ಮತ್ತೆ ಕಲಸಿದರೂ ನಡೆಯುತ್ತದೆ. ಈ ಅಳತೆಗೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ಆಲಿವ್ ಎಣ್ಣೆಯೇ ಹೆಚ್ಚಿರುವ ಸೋಪಾದರೆ ಗಂಟೆಗಟ್ಟಲೆ ಬೇಕು, ಅದನ್ನು ಕೈಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ.

ಹ್ಯಾಂಡ್ ಬ್ಲೆಂಡರ್ ಇದ್ದರೆ ಅದೇ ಕೆಲಸ ಐದು ನಿಮಿಷದೊಳಗೆ ಮುಗಿಯುತ್ತದೆ. ಆದರೆ ಕೊಳ್ಳುವಾಗ ಬ್ಲೇಡಿನ ಸುತ್ತಲಿನ ಬಟ್ಟಲು ಯಾವುದರದು ಎಂದು ನೋಡಿ. ಕೆಲವು ಅಲ್ಯೂಮಿನಿಯಂನವು ಇರುತ್ತವೆ, ಅವು ಕಪ್ಪಾಗಿ ಸೋಪಿಗೂ ಕಪ್ಪು ಬಿಡುತ್ತವೆ. ಸ್ಟೀಲಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಇರಲಿ. ಪಾತ್ರೆ ಅಗಲಕ್ಕಿಂತ ಆಳವಾಗಿರಬೇಕು. ಒಂದು ಕೆಜಿ ಎಣ್ಣೆಗೆ ಮೂರು ಲೀಟರಿನದು ಸರಿ. ಬ್ಲೆಂಡರನ್ನು ಓರೆಯಾಗಿ ಇಳಿಸಿ, ತಳಕ್ಕೆ ಮೆಲ್ಲಗೆ ಕುಟ್ಟಿ. ಬಟ್ಟಲಿನೊಳಗೆ ಸಿಕ್ಕಿದ ಗಾಳಿ ಗುಳುಗುಳು ಎಂದು ಮೇಲೆ ಬರುತ್ತದೆ. ಈ ಗಾಳಿ ತೆಗೆಯದೆ ಸ್ವಿಚ್ ಹಾಕಿದರೆ ಸೋಪಿನ ತುಂಬ ಸೂಜಿಮೊನೆಯಷ್ಟು ತೂತು. ಐದು ಸೆಕೆಂಡ್ ಓಡಿಸಿ, ನಿಲ್ಲಿಸಿ, ಅದೇ ಬ್ಲೆಂಡರನ್ನು ಸೌಟಿನಂತೆ ಅರ್ಧ ನಿಮಿಷ ಕೈಯಲ್ಲಿ ಆಡಿಸಿ. ಮತ್ತೆ ಐದು ಸೆಕೆಂಡ್. ಬಿಡದೆ ಓಡಿಸಿದರೆ ಮೋಟಾರೂ ಕಾಯುತ್ತದೆ, ಹಿಟ್ಟೂ ನೋಡನೋಡುತ್ತಿದ್ದಂತೆ ಅಚ್ಚಿಗೆ ಸುರಿಯಲಾರದಷ್ಟು ಗಟ್ಟಿಯಾಗುತ್ತದೆ. ಹಿಟ್ಟು ದಪ್ಪವಾಗುತ್ತಿದ್ದಂತೆ ಮೋಟಾರಿನ ಸದ್ದು ಭಾರವಾಗುತ್ತದೆ, ಕಿವಿ ಅತ್ತ ಇರಲಿ. ಸ್ವಿಚ್ ಆರಿಸಿ ಬ್ಲೇಡು ಪೂರ್ತಿ ನಿಂತ ಮೇಲೆಯೇ ಮೇಲೆತ್ತಿ.

ಮಿಕ್ಸಿಯಲ್ಲಿ ಆಗುತ್ತದೆಯೇ? ಆಗುತ್ತದೆ, ಆದರೆ ಬ್ಲೆಂಡರ್ ಸಿಗದಿದ್ದರೆ ಮಾತ್ರ. ಒಂದು ಲೀಟರಿನ ಜಾರಿಗೆ 350 ಗ್ರಾಂ ಎಣ್ಣೆಯ ಅಳತೆಗಿಂತ ಹೆಚ್ಚು ಹಾಕಬೇಡಿ, ಅರ್ಧ ಜಾರಷ್ಟೇ ತುಂಬಬೇಕು. ಮೊದಲು ನೀರು ಹಾಕಿ ತಳ ಸೋರುತ್ತದೆಯೇ ನೋಡಿ. ಸೋರಿದ ಸೋಡಾ ಹಿಟ್ಟು ಮೋಟಾರಿಗಿಳಿದರೆ ಮಿಕ್ಸಿ ಹೋಯಿತು. ಮುಚ್ಚಳದ ಮೇಲೆ ದಪ್ಪ ಬಟ್ಟೆಯಿಟ್ಟು ಒತ್ತಿಹಿಡಿದು, ಎರಡೆರಡು ಸೆಕೆಂಡ್ ಪಲ್ಸ್ ಮಾಡಿ, ತಿರುಗುವುದು ನಿಂತ ಮೇಲೆ ಮುಚ್ಚಳ ತೆಗೆಯಿರಿ. ಆ ಜಾರನ್ನು ಮತ್ತೆ ಚಟ್ನಿಗೆ ಬಳಸಬಾರದು. ಮೊಟ್ಟೆ ಕಡೆಯುವ ಎಲೆಕ್ಟ್ರಿಕ್ ಬೀಟರ್ ಮಾತ್ರ ಬೇಡ: ಸಿಡಿಯುತ್ತದೆ, ನೊರೆ ತುಂಬುತ್ತದೆ.

ಹದ ಗೊತ್ತಾಗುವುದು ಹೀಗೆ. ಸೌಟೆತ್ತಿ ಹಿಟ್ಟನ್ನು ಮೇಲ್ಮೈ ಮೇಲೆ ಎಳೆಯಾಗಿ ಬಿಡಿ. ಬಿದ್ದ ಗೆರೆ ತಕ್ಷಣ ಮುಳುಗದೆ ರಂಗೋಲಿ ಎಳೆಯಂತೆ ಕ್ಷಣ ಹೊತ್ತು ಉಳಿದರೆ ಹದ ಬಂತು. ಸೋಪು ಮಾಡುವವರು ಇದನ್ನೇ ಟ್ರೇಸ್ ಎನ್ನುತ್ತಾರೆ. ನೀರುದೋಸೆ ಹಿಟ್ಟಿನಷ್ಟು ತೆಳುವಿದ್ದರೆ ಇನ್ನೂ ಕಲಸಿ; ಉದ್ದಿನ ದೋಸೆ ಹಿಟ್ಟಿನ ಹದಕ್ಕೆ ಸುರಿಯಿರಿ; ಇಡ್ಲಿ ಹಿಟ್ಟಿನಂತಾದರೆ ತಡವಾಗುತ್ತಿದೆ ಎಂದರ್ಥ. ಪಾತ್ರೆಯ ಅಂಚಿನಲ್ಲಿ ಎಣ್ಣೆಯ ಹೊಳಪು ಒಂದು ಗೆರೆಯಷ್ಟೂ ಇರಬಾರದು.

ಇಲ್ಲಿ ಒಂದು ಮೋಸವಿದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್‌ ಬೆಳಗ್ಗೆ ಕೈಯಲ್ಲಿ ಕಲಸುತ್ತಿದ್ದರೆ ಹಿಟ್ಟು ತಣ್ಣಗಾಗಿ, ಎಣ್ಣೆ ಹೆಪ್ಪುಗಟ್ಟಿಯೇ ದಪ್ಪವಾಗಿ ಕಾಣುತ್ತದೆ, ಸೋಪು ಆಗಿರುವುದಿಲ್ಲ. ಅಚ್ಚಿಗೆ ಹಾಕಿದ ಮೇಲೆ ಎಣ್ಣೆ ಮೇಲೆ, ಸೋಡಾ ನೀರು ಕೆಳಗೆ ನಿಲ್ಲುತ್ತದೆ. ಅನುಮಾನ ಬಂದರೆ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಮತ್ತೆ ಕಲಸಿ. ತೆಳ್ಳಗಾದರೆ ಅದು ಸುಳ್ಳು ಹದ. ಅಚ್ಚಿನಲ್ಲಿ ಬೇರ್ಪಟ್ಟಿದ್ದರೂ ತೂಕ ಸರಿಯಿದ್ದರೆ ಎಲ್ಲವನ್ನೂ ಸ್ಟೀಲ್ ಪಾತ್ರೆಗೆ ಮರಳಿಸಿ, 45 ಡಿಗ್ರಿಗೆ ಬಿಸಿಮಾಡಿ ಕಲಸಿದರೆ ಕೂಡಿಕೊಳ್ಳುತ್ತದೆ.

ಪರಿಮಳದ ಎಣ್ಣೆ 20 ಗ್ರಾಂ ಸಾಕು. ತೆಳು ಹದ ಬಂದ ಮೇಲೆ ಹಾಕಿ ಸೌಟಿನಲ್ಲೇ ಬೆರೆಸಿ, ಬ್ಲೆಂಡರ್ ಮುಟ್ಟಿಸಬೇಡಿ. ಅದರಲ್ಲೂ ಲವಂಗದೆಣ್ಣೆ ಹಿಟ್ಟನ್ನು ನಿಮಿಷದೊಳಗೆ ಕಲ್ಲು ಮಾಡಬಲ್ಲದು, ಮೈಗೂ ಉರಿ. ಬೇಕೇಬೇಕೆಂದರೆ ಎರಡು ಮೂರು ಗ್ರಾಂ ಮೀರಬೇಡಿ. ಅರಿಶಿನ ಹಾಕಿದರೆ ಸೋಡಾ ತಾಗಿ ಕೆಂಪಗಾಗುತ್ತದೆ, ಗಾಬರಿ ಬೇಡ.

ಅಚ್ಚನ್ನು ಒಂದೆರಡು ದಿನ ಬಿಟ್ಟು, ಗವಸು ತೊಟ್ಟೇ ಕತ್ತರಿಸಿ, ಗಾಳಿಯಾಡುವ ಕಡೆ ನಾಲ್ಕರಿಂದ ಆರು ವಾರ ಒಣಗಿಸಿ. ಕತ್ತರಿಸಿದಾಗ ಒಳಗೆ ನೀರು ಒಸರುವ ಬಿಳಿ ಗುಳಿಗಳು ಕಂಡರೆ ಅದು ಬೆರೆಯದ ಸೋಡಾ, ಆ ಸೋಪು ಮೈಗೆ ಬೇಡ. ಮೇಲೆ ಮಾತ್ರ ತೆಳ್ಳಗೆ ಬಿಳಿ ಪುಡಿ ಕೂತಿದ್ದರೆ ಒರೆಸಿದರಾಯಿತು. ಇನ್ನು ಪಾತ್ರೆ, ಬ್ಲೆಂಡರಿಗೆ ಅಂಟಿದ ಹಸಿ ಹಿಟ್ಟನ್ನು ಕೂಡಲೇ ತಿಕ್ಕಲು ಹೋಗಬೇಡಿ. ಹಳೆ ಪೇಪರಿನಿಂದ ಒರೆಸಿ, ಒಂದು ದಿನ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಷ್ಟರಲ್ಲಿ ಉಳಿದದ್ದೂ ಸೋಪೇ ಆಗಿರುತ್ತದೆ, ಬಿಸಿನೀರು ಹಾಕಿದರೆ ತಾನೇ ನೊರೆಯೆದ್ದು ಬಿಡುತ್ತದೆ.