ಶಾಲೆಯ ಸಮೂಹಗಾನಕ್ಕೆ ಎರಡನೇ ದನಿ ಬರೆಯುವುದು ಹೇಗೆ?

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಶಾಲೆಗಳಲ್ಲಿ ಸಮೂಹಗಾನದ ತಾಲೀಮು ಶುರುವಾಗುತ್ತದೆ. ಸಾಮಾನ್ಯವಾಗಿ ಎಲ್ಲ ಮಕ್ಕಳೂ ಒಂದೇ ಧಾಟಿಯನ್ನು ಹಾಡುತ್ತಾರೆ. ಎರಡನೇ ದನಿ, ಅಂದರೆ ಧಾಟಿಯ ಜೊತೆಗೇ ಬೇರೆ ಸ್ವರಗಳಲ್ಲಿ ಹಾಡುವ ಸಾಲು, ಸೇರಿಸಬೇಕೆಂದವರು ಕೀಬೋರ್ಡಿನ ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ಒತ್ತುವ ಪಾಶ್ಚಾತ್ಯ ಕ್ರಮ) ಪುಸ್ತಕ ಹಿಡಿದರೆ ರಾಗ ಕೆಡುತ್ತದೆ. ನಮ್ಮ ಧಾಟಿಗೆ ಹೊಂದುವ ಎರಡನೇ ದನಿ ಆಯಾ ರಾಗದ ಸ್ವರಗಳೊಳಗೇ ಇರುತ್ತದೆ, ಅದನ್ನು ಹುಡುಕಿ ತೆಗೆಯಬೇಕು.

ಮೊದಲ ಪ್ರಯತ್ನಕ್ಕೆ ಹಿಂದೂಸ್ತಾನಿ ಪದ್ಧತಿಯ ಭೂಪ್ ರಾಗ ಒಳ್ಳೆಯದು. ಕರ್ನಾಟಕ ಪದ್ಧತಿಯಲ್ಲಿ ಇದಕ್ಕೆ ಹತ್ತಿರದ್ದು ಮೋಹನ. ಸ, ರೆ, ಗ, ಪ, ಧ ಎಂಬ ಐದೇ ಸ್ವರ. ಅರ್ಧ ಸ್ವರದ (ಪೇಟಿಯ ಪಕ್ಕಪಕ್ಕದ ಕೀಗಳಷ್ಟು ಅಂತರ) ತಿಕ್ಕಾಟ ಎಲ್ಲೂ ಇಲ್ಲ. ಪೇಟಿಯಲ್ಲಿ (ಹಾರ್ಮೋನಿಯಂ) ಬಿಳಿ ಎರಡನ್ನು (ಸಪ್ತಕದ ಎರಡನೇ ಬಿಳಿ ಕೀ) ಷಡ್ಜ, ಅಂದರೆ ಸ, ಮಾಡಿಕೊಂಡು, ಧಾಟಿಯನ್ನು ಮಂದ್ರ (ಕೆಳಗಿನ ಸಪ್ತಕದ) ಧ ಮತ್ತು ತಾರ (ಮೇಲಿನ ಸಪ್ತಕದ) ಷಡ್ಜದ ನಡುವೆ ಇಡಿ. ಐದರಿಂದ ಏಳನೇ ತರಗತಿಯ ಮಕ್ಕಳಿಗೆ ಇಷ್ಟು ಎಟುಕುತ್ತದೆ. ಧಾಟಿ ತಾರ ಗಾಂಧಾರದ (ಗ) ವರೆಗೆ ಏರಿದರೆ ಹಾಡು ಕಿರುಚಾಟವಾಗುತ್ತದೆ.

ಎಂಟು, ಒಂಬತ್ತನೇ ತರಗತಿಯ ಗಂಡುಮಕ್ಕಳ ದನಿ ಒಡೆಯುತ್ತಿರುತ್ತದೆ. ಅವರನ್ನು ಬಾಯಿಮುಚ್ಚಿಸಿ ಹಿಂದೆ ನಿಲ್ಲಿಸುವುದು ಅನ್ಯಾಯ. ಒಂದು ಸಪ್ತಕ ಕೆಳಗೆ, ಷಡ್ಜ ಮತ್ತು ಪಂಚಮ (ಪ) ಎರಡನ್ನೇ ಹಿಡಿದು ನಿಲ್ಲುವ ಆಧಾರ ದನಿ ಅವರಿಗೆ ಕೊಡಿ. ಅಷ್ಟು ಅಂತರದಲ್ಲಿ ಅವರ ಗಂಟಲು ಸಾಮಾನ್ಯವಾಗಿ ಕೈಕೊಡುವುದಿಲ್ಲ, ಹಾಡಿಗೂ ನೆಲ ಸಿಗುತ್ತದೆ.

ಇನ್ನು ಎರಡನೇ ದನಿ. ಹಲವರು ‘ಮೂರನೆಯ ಸ್ವರ ಮೇಲೆ’ ಎಂಬ ಒಂದೇ ಸೂತ್ರ ಹಚ್ಚುತ್ತಾರೆ. ಆಗ ರೆ ಬಂದಲ್ಲಿ ಮ, ಪ ಬಂದಲ್ಲಿ ನಿ ಹಾಡಬೇಕಾಗುತ್ತದೆ. ಇವೆರಡೂ ಭೂಪಿನಲ್ಲಿ ಇಲ್ಲ. ಬದಲಿಗೆ ರಾಗದ ಐದು ಸ್ವರಗಳನ್ನೇ ಸಾಲಾಗಿಟ್ಟು ನಡುವೆ ಒಂದನ್ನು ಬಿಟ್ಟು ಕೆಳಗಿನದನ್ನು ಹಿಡಿಯಿರಿ: ಗ ಬಂದರೆ ಕೆಳಗೆ ಸ, ಪ ಬಂದರೆ ರೆ, ಧ ಬಂದರೆ ಗ, ರೆ ಬಂದರೆ ಮಂದ್ರ ಧ. ಷಡ್ಜಕ್ಕೆ ಮಾತ್ರ ಎರಡೂ ದನಿ ಒಂದಾಗಲಿ, ಏಕೆಂದರೆ ಮಂದ್ರ ಪಂಚಮ ಚಿಕ್ಕ ಮಕ್ಕಳಿಗೆ ತೀರ ಕೆಳಗೆ.

ಇದೂ ಕಚ್ಚಾ ಸಾಮಗ್ರಿಯಷ್ಟೇ. ಉದ್ದಕ್ಕೂ ಹೀಗೆಯೇ ಹಾಡಿದರೆ ಬಹುತೇಕ ನಾಲ್ಕು ಸ್ವರಗಳ (ಪ, ಮ, ಗ, ರೆ ಎಂಬಂತೆ) ಅಂತರವೇ ಸಾಲಾಗಿ ಬಂದು ಟೊಳ್ಳಾಗಿ ಕೇಳುತ್ತದೆ. ಹಾಗಾಗಿ ಧಾಟಿ ಓಡುವಾಗ ಎರಡನೇ ದನಿ ನಿಲ್ಲಲಿ, ಧಾಟಿ ನಿಂತಾಗ ಅದು ಅಲುಗಾಡಲಿ. ಎಂಟು ಮಾತ್ರೆಯ (ಎಣಿಕೆಯ) ಕೆಹರವಾ ತಾಳದಲ್ಲಿ ಒಂದು ಸಾಲು ನೋಡಿ (‘–’ ಎಂದರೆ ಹಿಂದಿನ ಸ್ವರವನ್ನೇ ಹಿಡಿಯುವುದು):

ಧಾಟಿ: ಗ ಪ ಧ ಪ | ಗ – – –
ಎರಡನೇ ದನಿ: ಸ – ಗ – | ಸ – ಧ ಸ (ಧ ಮಂದ್ರದ್ದು)

ಮೊದಲ ಭಾಗದಲ್ಲಿ ಧಾಟಿ ನಾಲ್ಕು ಸಲ ಹೆಜ್ಜೆ ಹಾಕಿದರೆ ಕೆಳಗಿನದು ಎರಡೇ ಸಲ. ಐದನೇ ಮಾತ್ರೆಯಿಂದ ಧಾಟಿ ಗಾಂಧಾರದಲ್ಲಿ ನಿಂತಾಗ ಕೆಳಗಿನವರು ಮಂದ್ರ ಧೈವತಕ್ಕೆ ಇಳಿದು ಮರಳುತ್ತಾರೆ. ಪೇಟಿಯಲ್ಲಿ ಎರಡನ್ನೂ ಒಟ್ಟಿಗೆ ನುಡಿಸಿ ಕೇಳಿ, ಸ್ವರ ಎಲ್ಲೂ ಕಚ್ಚುವುದಿಲ್ಲ.

ಇಡೀ ಹಾಡಿಗೆ ಎರಡನೇ ದನಿ ಹಚ್ಚಬೇಡಿ. ಕಲಬುರಗಿ ಜಿಲ್ಲೆಯ ಕಡಕೋಳದ ಕಡೆಯ ತತ್ವಪದಗಳಲ್ಲಿ ಮುಂದಿನವರು ನುಡಿ (ಚರಣ) ಹೇಳಿ ಹಿಂದಿನವರು ಪಲ್ಲವಿ ಎತ್ತುವ ಪದ್ಧತಿ ಇದೆಯಲ್ಲ, ಅದು ಈ ನೆಲಕ್ಕೆ ಒಗ್ಗಿದ ವಿನ್ಯಾಸ. ನುಡಿಯನ್ನು ಒಬ್ಬರು ಅಥವಾ ನಾಲ್ವರು ಹಾಡಲಿ, ಪಲ್ಲವಿಯಲ್ಲಿ ಎರಡನೇ ದನಿ ಬರಲಿ, ಆಧಾರ ದನಿ ಕೊನೆಯ ಎರಡು ಪಲ್ಲವಿಗೆ ಮಾತ್ರ ಸೇರಲಿ. 24 ಮಕ್ಕಳಿದ್ದರೆ ಧಾಟಿಗೆ 10, ಎರಡನೇ ದನಿಗೆ 9, ಆಧಾರಕ್ಕೆ 5. ಮೇಲಿನ ಸ್ವರ ತಾನಾಗಿ ಎದ್ದು ಕೇಳುವುದರಿಂದ ಕೆಳಗಿನ ದನಿಗೆ ಹೆಚ್ಚೂಕಡಿಮೆ ಅಷ್ಟೇ ಜನ ಬೇಕು.

ಬರೆಯಲು ಚೌಕದ ನೋಟ್‌ಬುಕ್ ಸಾಕು. ಒಂದು ಚೌಕಕ್ಕೆ ಒಂದು ಮಾತ್ರೆ. ಎರಡೂ ದನಿಯ ಸಾಲುಗಳು ಒಂದರ ಕೆಳಗೊಂದು, ಸಾಹಿತ್ಯ ಅವುಗಳಡಿ. ಹಿಂದೂಸ್ತಾನಿ ಸ್ವರಲಿಪಿಯ ಭಾತಖಂಡೆ ಪದ್ಧತಿಯಂತೆ ಮಂದ್ರ ಸ್ವರಕ್ಕೆ ಕೆಳಗೆ ಚುಕ್ಕೆ, ತಾರಕ್ಕೆ ಮೇಲೆ ಚುಕ್ಕೆ.

ಸಾಹಿತ್ಯ ಕೂಡಿಸುವಾಗ ಹ್ರಸ್ವ ದೀರ್ಘ ಕಾಯಿರಿ. ‘ಬಳೆ’ಯ ಬ ಎರಡು ಮಾತ್ರೆ ಎಳೆದರೆ ಮಕ್ಕಳು ಹಾಡುವುದು ‘ಬಾಳೆ’. ಒತ್ತಕ್ಷರವಿರುವಲ್ಲಿ ಹಿಂದಿನ ಸ್ವರವನ್ನು ಹಿಡಿದು, ಎಲ್ಲರೂ ಒಂದೇ ಕ್ಷಣದಲ್ಲಿ ಒತ್ತಬೇಕು. ಇಲ್ಲದಿದ್ದರೆ ‘ಬೆಟ್ಟ’ ಎಂಬಲ್ಲಿ ಮಳೆ ಹನಿದಂತೆ ಟಕಾರ ಉದುರುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಗಮಕಗಳನ್ನು (ಸ್ವರವನ್ನು ತೂಗುವುದು) ಪಲ್ಲವಿಯಿಂದ ತೆಗೆದು ನುಡಿ ಹಾಡುವ ಒಬ್ಬರಿಗೇ ಬಿಡಿ. ಉಸಿರಿನ ಲೆಕ್ಕ ಹೀಗೆ: ನಿಮಿಷಕ್ಕೆ 80 ಮಾತ್ರೆಯ ಲಯದಲ್ಲಿ ಕೆಹರವಾದ ಒಂದು ಆವರ್ತನೆಗೆ (ತಾಳದ ಒಂದು ಸುತ್ತಿಗೆ) 6 ಸೆಕೆಂಡು. ಪ್ರತಿ ಆವರ್ತನೆಗೂ ಉಸಿರಿಗೆ ಜಾಗವಿಡಿ. ಎರಡು ಆವರ್ತನೆ ಒಂದೇ ಉಸಿರಿನಲ್ಲಿ ಮಕ್ಕಳಿಗೆ ಆಗದು.

ಕಲಿಸುವಾಗ ಎರಡನೇ ದನಿಯನ್ನು ಮೊದಲು ಎಲ್ಲರಿಗೂ ಕಲಿಸಿ, ಆಮೇಲೆ ಧಾಟಿ. ತಿರುಗಾಮುರುಗಾ ಮಾಡಿದರೆ ಕೆಳಗಿನವರು ಧಾಟಿಗೇ ಜಾರುತ್ತಾರೆ. ಎರಡೂ ಗಟ್ಟಿಯಾದ ಮೇಲೆ ಪೇಟಿ ನಿಲ್ಲಿಸಿ, ತಂಬೂರಿಯ ಮೇಲೆ ಹಾಡಿಸಿ. ಪೇಟಿಯನ್ನು ಸಮಾನ ಅಂತರದಲ್ಲಿ ಶ್ರುತಿ ಮಾಡಿದ್ದರೆ ಅದರ ಗಾಂಧಾರ ತಂಬೂರಿಗೆ ಕೂಡುವ ಗಾಂಧಾರಕ್ಕಿಂತ ಸುಮಾರು 14 ಸೆಂಟ್ ಮೇಲಿರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಎರಡನ್ನೂ ಒಟ್ಟಿಗೆ ಇಟ್ಟರೆ ಮಕ್ಕಳ ಕಿವಿ ಯಾವುದನ್ನು ಹಿಡಿಯಬೇಕೆಂದು ತಡವರಿಸುತ್ತದೆ. ಕೊನೆಯ ಪಲ್ಲವಿ ಮುಗಿದೊಡನೆ ಪೇಟಿಯ ಷಡ್ಜ ಒತ್ತಿ ನೋಡಿ. ಮಕ್ಕಳು ಇಳಿದಿದ್ದರೆ ಹೆಚ್ಚಾಗಿ ಅವರೋಹದ (ಇಳಿಯುವ) ಧ, ಗ ಸ್ವರಗಳಲ್ಲಿ ಜಾರಿರುತ್ತಾರೆ. ಆ ಎರಡು ಸ್ವರವಿರುವ ಸಾಲನ್ನಷ್ಟೇ ನಿಧಾನಲಯದಲ್ಲಿ ಮತ್ತೆ ಹಾಡಿಸಿ.