ಕೊಂಬಿನ ಬಳಿ ನಿಂತ ಪ್ರೋಗ್ರಾಂ

ಅಪ್ಪ ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟಿದ್ದ ಬೇಸಾಯದ ಪದಗಳನ್ನು ಅಕಾರಾದಿಯಾಗಿ ಜೋಡಿಸಲೆಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕದೊಂದು ಪ್ರೋಗ್ರಾಂ ಬರೆದೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್. ಪರೀಕ್ಷೆಗೆಂದು ಫೈಲಿನಲ್ಲಿ ‘ಮರ’ ಎಂದಷ್ಟೇ ಬರೆದು ಓದಿಸಿದರೆ, ಎರಡು ಅಕ್ಷರಗಳ ಬದಲು ಆರು ವಿಚಿತ್ರ ಗುರುತುಗಳು ಮೂಡಿದವು. ‘ನೇಗಿಲು’ ಸೇರಿಸಿದೆ, ಪ್ರೋಗ್ರಾಂ ದೋಷ ತೋರಿಸಿ ನಿಂತೇಬಿಟ್ಟಿತು.

ಕಾರಣ ಹುಡುಕಲು ಎರಡು ಸಂಜೆ ಹಿಡಿಯಿತು. ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ ಕಂಪ್ಯೂಟರಿನ ಚಿಕ್ಕ ಸಂಖ್ಯೆಗಳಾಗಿ, ಬರೆದಿಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟ್ ಬೇಕು. ಫೈಲಿನ ಈ ಪದ್ಧತಿ (ಎನ್‌ಕೋಡಿಂಗ್) ಯಾವುದೆಂದು ನಾನು ಹೇಳಿರಲಿಲ್ಲ. ಹಾಗಾಗಿ ಪೈಥಾನ್ ವಿಂಡೋಸ್‌ನ 1252 ಎಂಬ ಹಳೆಯ ಕೋಷ್ಟಕವನ್ನು ಹಿಡಿದು, ಒಂದೊಂದು ಬೈಟನ್ನೂ ಒಂದೊಂದು ಅಕ್ಷರವೆಂದು ಓದುತ್ತಿತ್ತು. ಆ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ. ಕಂಪ್ಯೂಟರಿನ ಹದಿನಾರರ ಎಣಿಕೆಯಲ್ಲಿ ಹೇಳುವುದಾದರೆ, ನಮ್ಮ ಕೊಂಬಿನ ಕೊನೆಯ ಬೈಟ್ 81, ಒತ್ತಕ್ಷರ ಕಟ್ಟುವ ಹಲಂತ ಚಿಹ್ನೆಯದು 8ಡಿ. ಎರಡೂ ಖಾಲಿ ಮನೆಗಳೇ! ಕೊಂಬೂ ಒತ್ತೂ ಇಲ್ಲದೆ ಕನ್ನಡದ ಒಂದು ಪುಟವನ್ನಾದರೂ ಬರೆಯಲು ಸಾಧ್ಯವೇ?

ಫೈಲ್ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ನಮೂದಿಸಿದರೆ ಸಾಕಿತ್ತು, ನಮೂದಿಸಿದೆ. ಆದರೆ ಪ್ರೋಗ್ರಾಂ ಕೊನೆಗೆ ಓಡಬೇಕಿದ್ದದ್ದು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಇರುವ ಸರ್ವರ್ ಮೇಲೆ. ಬರೆಯುವ ಜಾಗವೂ ಅದರಂತೆಯೇ ಇರಲಿ ಎಂದು ವಿಂಡೋಸ್‌ನೊಳಗೇ ಲಿನಕ್ಸ್ ನಡೆಸುವ ಡಬ್ಲ್ಯೂಎಸ್ಎಲ್ ಹಾಕಿಕೊಂಡೆ. ವಿಂಡೋಸ್‌ಗೆ ಆದೇಶ ಟೈಪ್ ಮಾಡುವ ಪವರ್‌ಶೆಲ್‌ನಲ್ಲಿ ಒಂದೇ ಆದೇಶ, ಒಂದು ರೀಸ್ಟಾರ್ಟ್. ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ, ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸಲು ಬೇಕಾದ ವರ್ಚುವಲೈಸೇಶನ್ ಆಫ್ ಆಗಿದ್ದರಿಂದ ಮೊದಲ ಸಲ ಏಳಲಿಲ್ಲ, ಅಷ್ಟೇ.

ಪ್ರಾಜೆಕ್ಟ್ ಫೋಲ್ಡರನ್ನು ಸಿ ಡ್ರೈವ್‌ನಲ್ಲೇ ಬಿಟ್ಟದ್ದು ನನ್ನ ತಪ್ಪು. ಲಿನಕ್ಸ್‌ನಿಂದ ಅಲ್ಲಿಗೆ ಹೋಗಿಬರುವುದು ನಿಧಾನ, ಸಣ್ಣ ಸಣ್ಣ ಫೈಲುಗಳು ಹೆಚ್ಚಿದ್ದರಂತೂ ಕಾದು ಕೂರಬೇಕು. ಲಿನಕ್ಸ್‌ನ ಹೋಮ್ ಫೋಲ್ಡರಿಗೆ ಸಾಗಿಸಿದ ಮೇಲೆ ವೇಗ ಬಂತು. ಉಬುಂಟು 24.04ರಲ್ಲಿ ಪೈಥಾನ್‌ಗೆ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್‌ಗಳನ್ನು) ತಂದು ಹಾಕುವ ಪಿಪ್ ಬಳಸಿ ನೇರವಾಗಿ ಒಂದನ್ನು ಹಾಕಲು ಹೋದಾಗ ಅದು ನಿರಾಕರಿಸಿತು. ವ್ಯವಸ್ಥೆಯ ಪೈಥಾನ್ ಕೆಡದಿರಲೆಂದು ಇಟ್ಟಿರುವ ಕಾವಲು ಅದು. ಅದನ್ನು ಮುರಿಯುವ ದಾರಿಯೂ ಇದೆ, ದಯವಿಟ್ಟು ಹಿಡಿಯಬೇಡಿ. ಪ್ರಾಜೆಕ್ಟಿಗೇ ಪ್ರತ್ಯೇಕವಾಗಿ ವೆನ್ವ್, ಅಂದರೆ ಪೈಥಾನ್‌ನ ಬೇರೆಯದೇ ಒಂದು ಆವರಣ, ಮಾಡಿಕೊಂಡು, ಲೈಬ್ರರಿಗಳನ್ನೆಲ್ಲ ಅದರೊಳಗೆ ಹಾಕಿದೆ.

ಆ ರಾತ್ರಿ ಅಪ್ಪನ ಪದಗಳೆಲ್ಲ ಒಂದೂ ಕೆಡದೆ ಪರದೆಯ ಮೇಲೆ ಬಂದವು. ಆದರೆ ‘ಕವಣೆ’ಗಿಂತ ಮೊದಲೇ ‘ಕಳೆ’ ನಿಂತಿತ್ತು. ವರ್ಣಮಾಲೆಯ ಕೊನೆಯ ‘ಳ’ಕಾರಕ್ಕೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ‘ವ’ಕಾರಕ್ಕಿಂತ ಮುಂಚಿನ ಸಂಖ್ಯೆ ಕೊಟ್ಟಿದೆ, ಪ್ರೋಗ್ರಾಂ ಜೋಡಿಸಿದ್ದು ಆ ಸಂಖ್ಯೆಯಂತೆ. ಈಗ ಅದನ್ನು ಸರಿಪಡಿಸುವ ಸಾಲುಗಳನ್ನು ಬರೆಯುತ್ತಿದ್ದೇನೆ.