ಉತ್ತರಕ್ಕೆ ಬೆನ್ನು ಮಾಡಿ ನಿಂತವರು

ಚೀನೀ ಭಾಷೆಯ ದಿಕ್ಕುಗಳ ಅಕ್ಷರಗಳನ್ನು ನಾನು ಮೊದಲು ಕಲಿತದ್ದು ಕತೆಗಳ ಆಸರೆಯಿಂದ. ಮರದ ಮರೆಯಲ್ಲಿ ಸೂರ್ಯ ಕಂಡರೆ ಪೂರ್ವ, ಹಕ್ಕಿ ಗೂಡಿಗೆ ಮರಳಿ ಕುಳಿತರೆ ಪಶ್ಚಿಮ. ಆದರೆ ಉತ್ತರವನ್ನು ಸೂಚಿಸುವ ‘ಬೇಯ್’ ಎಂಬ ಅಕ್ಷರಕ್ಕೆ ನನ್ನ ಬಳಿ ಕತೆಯಿರಲಿಲ್ಲ. ಇರುವುದು ಐದೇ ಗೆರೆ, ಎಡಕ್ಕೆ ಮೂರು, ಬಲಕ್ಕೆ ಎರಡು. ಚೌಕಳಿ ಪುಸ್ತಕದಲ್ಲಿ ಪುಟಗಟ್ಟಲೆ ತಿದ್ದಿದರೂ ಮರುದಿನ ಎಡಭಾಗ ಕೈತಪ್ಪುತ್ತಿತ್ತು.

ಕೊನೆಗೆ ಇಂದಿನ ರೂಪವನ್ನು ಬದಿಗಿಟ್ಟು ಅದರ ಅತ್ಯಂತ ಹಳೆಯ ರೂಪವನ್ನು ನಕಲು ಮಾಡತೊಡಗಿದೆ. ಶಾಂಗ್ ಅರಸರ ಕಾಲದಲ್ಲಿ, ಅಂದರೆ ಸುಮಾರು 3,200 ವರ್ಷಗಳ ಹಿಂದೆ, ಶಕುನ ಕೇಳಿ ಎತ್ತಿನ ಹೆಗಲೆಲುಬು ಮತ್ತು ಆಮೆಯ ಚಿಪ್ಪಿನ ಮೇಲೆ ಕೊರೆದ ಬರಹದಲ್ಲಿ ಈ ಅಕ್ಷರವೆಂದರೆ ಪರಸ್ಪರ ಬೆನ್ನು ತಿರುಗಿಸಿ ನಿಂತ ಇಬ್ಬರು ಮನುಷ್ಯರು, ಅಷ್ಟೆ. ಮೂಲಾರ್ಥ ‘ಬೆನ್ನು’. ಯುದ್ಧದಲ್ಲಿ ಸೋತು ಓಡುವುದಕ್ಕೂ ಹಳೆಯ ಚೀನೀ ಬರಹಗಳಲ್ಲಿ ಇದೇ ಅಕ್ಷರವಿದೆ. ಸೋಲಿಗೆ ಇಂದು ಬಳಸುವ ‘ಬಾಯ್‌ಬೇಯ್’ ಎಂಬ ಪದದಲ್ಲಿ ಅದು ಉಳಿದುಕೊಂಡಿದೆ. ಕನ್ನಡಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಮ್ಮಲ್ಲೂ ರಣದಿಂದ ಓಡಿದವನು ಬೆನ್ನು ತೋರಿಸಿದವನೇ.

ಹಾಗಾದರೆ ಬೆನ್ನು ಉತ್ತರವಾದದ್ದು ಹೇಗೆ? ಉತ್ತರ ಚೀನಾದಲ್ಲಿ ಚಳಿಗಾಳಿ ಬೀಸುವುದು ಉತ್ತರದಿಂದ, ಚಳಿಗಾಲದ ಬಿಸಿಲು ಬರುವುದು ದಕ್ಷಿಣದಿಂದ. ಆದ್ದರಿಂದ ಮನೆಗಳು ದಕ್ಷಿಣಕ್ಕೆ ಬಾಗಿಲು ತೆರೆದವು, ಅರಸನೂ ದಕ್ಷಿಣಾಭಿಮುಖವಾಗಿಯೇ ಕುಳಿತ. 1420ರಲ್ಲಿ ಮುಗಿದ ಬೀಜಿಂಗಿನ ಅರಮನೆಯಲ್ಲೂ ಸಿಂಹಾಸನ ದಕ್ಷಿಣಕ್ಕೇ ಮುಖ ಮಾಡಿದೆ. ಹಾಗೆ ಕುಳಿತವನ ಬೆನ್ನು ಇರುವ ದಿಕ್ಕೇ ಉತ್ತರ. ದಿಕ್ಕಿನ ಅರ್ಥವೇ ಮೇಲುಗೈ ಪಡೆದ ಮೇಲೆ, ನಿಜವಾದ ಬೆನ್ನಿಗಾಗಿ ಇದೇ ಅಕ್ಷರದ ಕೆಳಗೆ ಮಾಂಸವನ್ನು ಸೂಚಿಸುವ ಚಿಹ್ನೆಯನ್ನು ಸೇರಿಸಿ ಬೇರೆ ಅಕ್ಷರ ಮಾಡಿದರು. ಉಚ್ಚಾರ ಬಹುತೇಕ ಅದೇ, ಸ್ವರದ ಏರಿಳಿತ ಮಾತ್ರ ಬೇರೆ. ಆ ಮಾಂಸದ ಚಿಹ್ನೆ ನೋಡಲು ಚಂದ್ರನ ಅಕ್ಷರದಂತೆಯೇ ಇರುವುದರಿಂದ ಬೆನ್ನಿಗೂ ಚಂದ್ರನಿಗೂ ಏನು ನಂಟು ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ.

ಬೆನ್ನಿನ ಲೆಕ್ಕ ಸಂಸ್ಕೃತದಲ್ಲೂ ಇದೆ, ಆದರೆ ಅಲ್ಲಿ ನಿಂತವನು ಸೂರ್ಯೋದಯಕ್ಕೆ ಮುಖ ಮಾಡಿದ್ದಾನೆ: ಪೂರ್ವವೆಂದರೆ ಮುಂದಿನದು, ದಕ್ಷಿಣವೆಂದರೆ ಬಲಗಡೆ, ಪಶ್ಚಿಮವೆಂದರೆ ಹಿಂದಿನದು. ನಮ್ಮ ಮೂಡಣ, ಪಡುವಣಗಳಿಗೆ ಯಾರೂ ಎತ್ತಲೂ ಮುಖ ಮಾಡಿ ನಿಲ್ಲಬೇಕಿಲ್ಲ. ಸೂರ್ಯ ಮೂಡಿ, ಪಟ್ಟರೆ ಸಾಕು.

ಇದೇ ಉತ್ಸಾಹದಲ್ಲಿ ಪೂರ್ವದ ಹಳೆಯ ರೂಪವನ್ನೂ ಬಿಡಿಸಿ ನೋಡಿದಾಗ ನನ್ನ ಮೆಚ್ಚಿನ ಕತೆ ಮುರಿದುಬಿತ್ತು. ಮರದ ನಡುವಿನ ಸೂರ್ಯ ಎಂಬ ವಿವರಣೆ ಕ್ರಿ.ಶ. 100ರ ಸುಮಾರಿಗೆ ಷು ಶೆನ್ ರಚಿಸಿದ ನಿಘಂಟಿನದು. 1899ರಲ್ಲಿ ವಿದ್ವಾಂಸರ ಗಮನಕ್ಕೆ ಬಂದ ಆ ಎಲುಬಿನ ಬರಹಗಳನ್ನು ಆತ ಕಂಡವನಲ್ಲ. ಅವುಗಳಲ್ಲಿ ಕಾಣುವುದು ಎರಡೂ ತುದಿಗಳನ್ನು ಬಿಗಿದ ಚೀಲ. ಉಚ್ಚಾರದ ಹೋಲಿಕೆಯಿಂದಷ್ಟೇ ಅದನ್ನು ದಿಕ್ಕಿಗೆ ಎರವಲು ಪಡೆದರು ಎಂಬುದು ಇಂದು ಹೆಚ್ಚಿನವರು ಒಪ್ಪುವ ಮಾತು. ಬೆನ್ನಿನ ವಿಷಯದಲ್ಲಿ ಮಾತ್ರ ಷು ಶೆನ್ ಸರಿಯಾಗಿಯೇ ಹೇಳಿದ್ದ.

ಈಗ ‘ಬೇಯ್’ ಬರೆಯುವಾಗ ಎಡಗಡೆಯವನನ್ನು ಮೊದಲು ನಿಲ್ಲಿಸಿ, ಅವನ ಬೆನ್ನಿಗೆ ಬಲಗಡೆಯವನನ್ನು ತರುತ್ತೇನೆ, ಗೆರೆ ತಪ್ಪುವುದಿಲ್ಲ. ಪೂರ್ವದ ಪಕ್ಕದಲ್ಲಿ ಹಿಂದೆ ಬರೆದುಕೊಂಡಿದ್ದ ಸೂರ್ಯನ ಚಿತ್ರವನ್ನು ಅಳಿಸಲು ಮನಸ್ಸಾಗದೆ, ಅದರ ಕೆಳಗೆ ಪೆನ್ಸಿಲಿನಲ್ಲಿ ‘ಚೀಲ’ ಎಂದು ಬರೆದಿಟ್ಟಿದ್ದೇನೆ.